ಬಾಕಿ ಇಪ್ಪತ್ತು

ಶಹಾಪೇಟಿ ಓಣಿಯೊಳಗ, ಹಿಟ್ಟಿನ ಗಿರಣಿ ದಾಟಿದ ಮ್ಯಾಲ,
ಮುಚ್ಚಿದ ಒಂದು ಫೋಟೋ ಸ್ಟುಡಿಯೋ ಅದ.
ಐತವಾರ ಸಂಜೀಮುಂದ ಶಟರ್ ಅರ್ಧ ಏರತದ,
ನಾವು ಬಗ್ಗಿ ಒಳಗ ಹೋಗತೀವಿ.
ಬಗ್ಗೋದು ಶಟರಿಗೆ ಅಷ್ಟ.

ಒಳಗ ಗ್ವಾಡಿ ತುಂಬ ಒಂದು ಜಲಪಾತ,
ಬಣ್ಣ ಉದುರಿ ನಡುದಾರ್‍ಯಾಗ ನಿಂತದ ನೀರು.
ಅದರ ಮುಂದ ಏಳು ಕುರ್ಚಿ,
ಕೂಸುಗಳ ಫೋಟೋಕ್ಕಂತ ಮಾಡಿಸಿದ ಕಟಗಿ ಕುದುರಿ.
ಕುರ್ಚಿ ಸಾಲದ ದಿನ ಪುಂಡಲೀಕ ಕುದುರಿ ಏರತಾನ.
ನಗತೀವಿ.
ಹೊಟ್ಟ್ಯಾಗ ಏನೂ ಇಲ್ಲದ ನಗೋದು
ಇಲ್ಲೇ ಕಲತದ್ದು.

ನನಗ ಹಿಂದ ಮೂರು ಸಲ ಬಿಡಿಸ್ಯಾರ.
ಒಮ್ಮೆ ಪಂಢರಪುರಕ್ಕ ಒಯ್ದು ತುಳಸಿ ಮಾಲಿ ಹಾಕಿಸಿದರು.
ಒಮ್ಮೆ ಸಾರಿನ್ಯಾಗ ಪುಡಿ ಕಲಸಿದರು, ನನಗ ಹೇಳದ.
ಒಮ್ಮೆ ಮಗಳ ನೆತ್ತಿ ಮ್ಯಾಲ ಕೈ ಇಡಿಸಿದರು.
ಮಾಲಿ ತಗದು ಕಿಸೆದಾಗ ಇಟಗೊಂಡು ಕುಡದೆ.
ಮಗಳ ನೆತ್ತಿ ಮಾತ್ರ
ಇನ್ನೂ ಈ ಅಂಗೈಯಾಗ ಬೆಚ್ಚಗ ಅದ.

ಇಲ್ಲಿ ಆಣಿ ಇಲ್ಲ.
ದೇವರನ್ನ ಹೊರಗ ಬಿಟ್ಟು ಬಾ ಅಂತ ಯಾರೂ ಅನ್ನಂಗಿಲ್ಲ,
ಕರಕೊಂಡು ಬಾ ಅಂತನೂ ಅನ್ನಂಗಿಲ್ಲ.
ಖಾಜಾಅಮೀನ ಚಾಚಾ ನಮಾಜ ಮುಗಿಸಿ ಬರತಾನ,
ಗೊಳಸಂಗಿ ಮಾಸ್ತರ ಯಾವ ಗುಡಿ ಮೆಟ್ಟಲೂ ಹತ್ತಿದಾವಲ್ಲ,
ಇಬ್ಬರದೂ ಚಹಾ ಒಂದೇ ಕಿಟ್ಲಿದು.
ಕೇಳೋದು ಇಷ್ಟ: ವಾರ ಹೆಂಗ ಹೋತು?
ಯಾವ ತಾಸು ಕಷ್ಟ ಆತು? ಆಗ ಏನು ಮಾಡಿದಿ?

ಸೋಮಲಾಬಾಯಿ, ಆಸ್ಪತ್ರಿ ಕಸ ಹೊಡಿಯಾಕಿ, ಅಂದ್ಲು:
ಗಂಡ ಕುಡದ್ರ ಊರು 'ಕುಡದಾನ' ಅಂತದ.
ನಾ ಕುಡದ್ರ ಊರು ಸುಮ್ಮ ನೋಡತದ.
ಆ ನೋಟ ತಡೀಲಾಕ ಮತ್ತ ಕುಡೀತಿದ್ದೆ.
ಯಾರೂ ಆಕಿಗೆ ಬುದ್ಧಿ ಹೇಳಲಿಲ್ಲ.
ನಮ್ಮೂರ ಗುಮ್ಮಟದಾಗ ಆಡಿದ ಮಾತು
ಏಳು ಸಲ ತಿರುಗಿ ಬಂದು ಬಡೀತದ.
ಇಲ್ಲಿ ಕೇಳಿದಾವರು ಕೇಳಿ
ಒಳಗ ಇಟಗೊಂಡ್ರು.

ಆಸೆ ಬಂದ್ರ ಗಡಿಯಾರ ನೋಡು, ಅಂದಿದ್ದ ಮಾಸ್ತರ.
ಏರತದ, ತುದಿ ಮುಟ್ಟತದ, ಇಳೀತದ,
ಅರ್ಧ ತಾಸಿನ ಲೆಕ್ಕ.
ನಾ ಕಂಡಕ್ಟರ್. ನನ್ನ ಲೆಕ್ಕ ಬೇರೆ:
ಅದು ಮುಂಬಯಿ ಗಾಡಿ ಅಲ್ಲ, ತಿಕೋಟಾ ಗಾಡಿ.
ಹತ್ತಿದ್ರ ತಿಕೀಟ ಹರದು ಕೊಡತೀನಿ,
ಬಾಗಲದಾಗ ನಿಂತು ಸೀಟಿ ಊದತೀನಿ,
ತಿಕೋಟಾ ಬಂದ ಕೂಡಲೇ ಇಳಸತೀನಿ.
ವಾಪಸ್ ಗಾಡಿಗೆ ಮತ್ತ ಹತ್ತತದ, ಮಗಂದು.
ಮತ್ತ ತಿಕೀಟ.

ಶ್ರಾವಣದಾಗ ಒಂದಿನ ಇಳಸಲಿಲ್ಲ.
ಬಂದು ಹೇಳಿದೆ, ಕುದುರಿ ಮ್ಯಾಲ ಕುಂತು,
ಅವತ್ತ ಕುರ್ಚಿ ತುಂಬಿದ್ವು.
ಯಾವ ಹಾದಿಲೆ ಮನಿಗೆ ಹೋಗತಿ? ಕೇಳಿದ ಪುಂಡಲೀಕ.
ಮರುದಿನದಿಂದ ಡಿಪೋ ಮುಂದ ಅವನ ಸೈಕಲ್ಲು.
ವಹಿಯೊಳಗ ನಲವತ್ತೊಂದು ದಿನ ಅಂತಿದ್ದದ್ದು
ಯಾರೂ ಅಳಸಲಿಲ್ಲ.
ಕೆಳಗ ಒಂದು ಅಂತ ಬರದ್ರು.

ಮೊನ್ನೆ ಸಕ್ಕರಿ ಹುಡುಕಲಾಕ ಹೋಗಿ
ಚಾಚಾ ಒಂದು ಹಳೇ ಡಬ್ಬಿ ತಗದ.
ತಗಸಿದಾವರು ತಿರುಗಿ ಬಂದು ಒಯ್ಯದ ಫೋಟೋಗಳು.
ಒಂದು ಲಕೋಟಿ ಮ್ಯಾಲ ಅವನ ಅಕ್ಷರ:
ಕಂಡಕ್ಟರ್. ಎಂಟು ಕಾಪಿ. ಬಾಕಿ ೨೦.
ಸಸ್ಪೆಂಡ್ ಆದಾಗ ಅರ್ಜಿಗಂತ ತಗಸಿದ್ದು.
ಆ ಇಪ್ಪತ್ತು ಎಲ್ಲಿ ಹೋತು ಅಂತ
ಈ ಖೋಲ್ಯಾಗ ಯಾರೂ ಕೇಳಬೇಕಾಗಿಲ್ಲ.

ಎಂಟೂ ಮಂದಿ ನನ್ನ ನೋಡಿದ್ರು.
ಬಾತ ಕಣ್ಣು, ಗುಂಡಿ ತಪ್ಪಿ ಹಾಕಿದ ಅಂಗಿ.
ತಲಿ ಜರಾ ಎತ್ತು, ಅಂದಿರಬೇಕು ಚಾಚಾ.
ಗದ್ದ ಅಷ್ಟ ಎದ್ದದ.

ಇಪ್ಪತ್ತರ ನೋಟು ಕೊಟ್ಟೆ.
ಬ್ಯಾಡ ಅನ್ನಲಿಲ್ಲ ಅವ.
ಬಾಕಿಗೆ ಗೀಟು ಎಳದು ಲಕೋಟಿ ನನ್ನ ಕೈಯಾಗ ಇಟ್ಟ.

ಏಳು ಮನಿಗೆ ಒಯ್ದೀನಿ.
ಒಂದು ಅಲ್ಲೇ ಡಬ್ಬಿಯೊಳಗ ಬಿಟ್ಟೀನಿ.
ನಾ ಬರದ ಐತವಾರ
ಅವ ಬಂದರೂ ಬರಬಹುದು,
ಗುರ್ತು ಇರಲಿ.